ಬಲ್ಗರರಿಗೆ ಹೆಳವನಿರಲಿಲ್ಲ

೮ ಮಾರ್ಚ್ ೨೦೧೫, ಪರ್ತ್

ಮಹಿಳಾ ದಿನದ ಊಟಕ್ಕೆ ಕನ್ನಡ ಸಂಘದವರು ಕರೆದಿದ್ದರು. ಮೋರ್ಲಿಯ ಸಭಾಭವನ, ಬಿಸಿಬೇಳೆಬಾತ್, ಗುಲಾಬಿ ಬಣ್ಣದ ಬಲೂನು. ರೇಷ್ಮೆ ಸೀರೆಯ ಆಂಟಿಯೊಬ್ಬರು ಪಕ್ಕದಲ್ಲಿ ಕೂತು, ಹಪ್ಪಳ ಮುರಿಯುತ್ತ ಆ ಹಳೇ ಪ್ರಶ್ನೆ ಕೇಳಿಯೇಬಿಟ್ಟರು.

"ಕನಕಾ, ನೀವು ಯಾವ ಕಡೆಯವರಮ್ಮ?"

"ಗೋಕಾಕ ಕಡೆ ಆಂಟಿ."

"ಅದಲ್ಲ. ಅಂದ್ರೆ... ಮನೆ ಕಡೆ?"

"ಮನೆಯೇ ಇಲ್ಲ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸ್ಕೊಂಡು, ನಿಮ್ಮಂಥವರ ಬಾಗಿಲಿಗೆ ಬಂದು, ನಿಮ್ಮ ಮುತ್ತಜ್ಜನ ಹೆಸರು ನಿಮಗೇ ಹೇಳ್ತಾರಲ್ಲ, ಆ ಹೆಳವರು ನಾವು."

ಹಪ್ಪಳ ಅಲ್ಲೇ ನಿಂತಿತು. "ಓ, ಹೌ ಇಂಟರೆಸ್ಟಿಂಗ್!" ಎಂದು ಪಾಯಸ ತರಲು ಎದ್ದವರು ತಿರುಗಿ ಬರಲಿಲ್ಲ. ಸಿಟ್ಟು ಬರಬೇಕಿತ್ತು, ಬಂತು. ಆದರೂ ಎರಡು ಲೋಟ ಪಾಯಸ ಕುಡಿದೆ. ಕ್ರಾಂತಿಗೂ ಪಾಯಸಕ್ಕೂ ಜಗಳವಿಲ್ಲ.

ಕೋಣೆಗೆ ಬಂದರೆ ಸರಸ್ವತಕ್ಕನ ಫೋನ್. ಅಲೆಮಾರಿಗಳ ಸಂಘಟನೆಯಲ್ಲಿ ನನಗೆ ಘೋಷಣೆ ಕೂಗಲು ಕಲಿಸಿದವಳು. ತಹಶೀಲ್ದಾರನ ಜೀಪಿಗೆ ವರ್ಷಗಟ್ಟಲೆ ಅಡ್ಡ ಮಲಗಿದ್ದಕ್ಕೆ ಫಲ ಬಂದಿದೆಯಂತೆ. ನಮ್ಮ ಗುಡಾರಗಳವರಿಗೆಲ್ಲ ಮನೆ ಜಾಗ ಮಂಜೂರಾಗಿದೆ. ಎಲ್ಲರೂ ಒಪ್ಪಿದ್ದಾರೆ, ಒಬ್ಬನನ್ನು ಬಿಟ್ಟು.

"ಯಾರಕ್ಕಾ ಆ ಪುಣ್ಯಾತ್ಮ?"

"ಮತ್ಯಾರು? ನಿಮ್ಮಪ್ಪ. ದೀಪಾವಳಿ ಒಳಗ ಬಂದು ಒಪ್ಕೊಳ್ಳಿಲ್ಲಂದ್ರ ಆ ಜಾಗ ಬ್ಯಾರೇದವ್ರಿಗೆ ಹೋಗ್ತೈತಿ. ನೀನಽ ಹೇಳ ಅವಂಗ."

ಅವ್ವ ಸತ್ತಾಗ ಹೂಳಲು ಜಾಗ ಕೊಡದೆ ಮೂರು ಊರಿನವರು ನಮ್ಮನ್ನು ಅಟ್ಟಿದ್ದರು. ಹೆಣ ಗಾಡಿಯಲ್ಲೇ ಇತ್ತು. ಅಪ್ಪ ಅದನ್ನು ಮರೆತಿರಬಹುದು. ನಾನು ಮರೆತಿಲ್ಲ. ಆ ಜಾಗ ನಮಗೆ ಬೇಕು. ಬೇಕೇ ಬೇಕು.

೧೫ ಮಾರ್ಚ್, ಪರ್ತ್

ಅಪ್ಪ ಫೋನಿಗೆ ಸಿಕ್ಕಿದ. ಅಥಣಿ ಕಡೆ ಸುತ್ತಿನಲ್ಲಿದ್ದಾನೆ. ಎತ್ತು ಸತ್ತ ಮೇಲೆ ಟಿವಿಎಸ್ ತೆಗೆದುಕೊಂಡಿದ್ದಾನೆ. ಎತ್ತಿನ ಕೊರಳ ಗಂಟೆ ಈಗ ಅದರ ಹ್ಯಾಂಡಲಿಗೆ. ಬ್ರೇಕು ಹಿಡಿದಾಗಲೆಲ್ಲ ಫೋನಿನಲ್ಲಿ ಢಣ್ ಎನ್ನುತ್ತದೆ.

"ಅಪ್ಪಾ, ಜಾಗ ಯಾಕ ಬ್ಯಾಡ ಅಂದಿ?"

"ನಾ ಇಳದು ಕುಂತ್ರ ನನ್ನ ಮನೀಗೋಳಿಗೆ ಯಾರ ಹೋಗ್ತಾರ?"

ನನ್ನ ಮನೆಗಳಂತೆ! ಹೆಳವನಿಗೆ ಸ್ವಂತ ಮನೆ ಒಂದೂ ಇಲ್ಲ, ಆದರೆ ಹಕ್ಕಿನ ಮನೆಗಳು ನೂರಾರು. ಗೌಡರದು, ಪಾಟೀಲರದು, ದೇಸಾಯರದು. ಹೋಗಿ ವಂಶ ಹೇಳಬೇಕು, ಅಂಗಳದಲ್ಲೇ ಕಾಳು ತೆಗೆದುಕೊಳ್ಳಬೇಕು, ಮುಂದಿನ ಮನೆ. ಅದು ಭಿಕ್ಷೆ ಎಂದರೆ ಅಪ್ಪನಿಗೆ ಉರಿಯುತ್ತದೆ, ಹಕ್ಕು ಎಂದರೆ ನನಗೆ.

ಮಾತು ತಿರುಗಿಸಲು ನನ್ನ ಓದಿನ ಕಥೆ ಹೇಳಿದೆ. ಏಳನೇ ಶತಮಾನ. ಕಪ್ಪು ಸಮುದ್ರದ ಬಡಗಲಲ್ಲಿ ಕುದುರೆ ಮೇಲೆ ಅಲೆಯುವ ಬಲ್ಗರರು. ಅವರ ದೊರೆ ಕುಬ್ರತ್. ಅವನಿಗೆ ಐವರು ಗಂಡುಮಕ್ಕಳು. ಕೂಡಿ ಇರಿ ಎಂದು ಹೇಳಿ ಅಪ್ಪ ಸತ್ತ. ಮಕ್ಕಳು ಕೂಡಿ ಇರಲಿಲ್ಲ. ಒಬ್ಬ ಅಲ್ಲೇ ಉಳಿದು ಖಜರರಿಗೆ ಕಪ್ಪ ಕಟ್ಟಿದ. ಒಬ್ಬ ಡಾನ್ ನದಿ ದಾಟಿದ. ಮೂರನೆಯವ ಅಸ್ಪರೂಹ್ ಡ್ಯಾನ್ಯೂಬ್ ದಾಟಿ, ಸ್ಲಾವ್ ರೈತರ ನಡುವೆ ಗುಡಾರ ಹೊಡೆದು ನಿಂತೇಬಿಟ್ಟ. ಕೆಲವು ತಲೆಮಾರಿನಲ್ಲಿ ಅವರ ನುಡಿ ಕರಗಿ ಸ್ಲಾವರ ನುಡಿಯಾಯಿತು. ಬಲ್ಗೇರಿಯಾ ಎಂಬ ಹೆಸರು ಮಾತ್ರ ಉಳಿಯಿತು. ಇನ್ನಿಬ್ಬರು ಹಂಗೇರಿ ಕಡೆಗೂ ಇಟಲಿಗೂ ಹೋದರು.

ಅಪ್ಪ ಗಾಡಿ ನಿಲ್ಲಿಸಿ ಕೇಳಿದ. ಢಣ್.

"ಮತ್ತ ಅವರ ಹೆಳವ ಯಾರು?"

"ಏನಂದಿ?"

"ಐದ ಮಂದಿ ಐದ ದಿಕ್ಕಿಗೆ ಹೋದ್ರು. ಇವ ನಿಮ್ಮ ತಮ್ಮ, ಇವ ನಿಮ್ಮ ಅಣ್ಣ ಅಂತ ಹೋಗಿ ಹೇಳಾವ ಯಾರ ಇದ್ದ?"

"ಯಾರೂ ಇರ್ಲಿಲ್ಲಪ್ಪ. ರಾಜರ ಹೆಸರಿನ ಒಂದು ಯಾದಿ ಐತಿ, ಅಷ್ಟ."

"ಅದಕ್ಕಽ ಮರತ್ರು," ಎಂದು ಕಿಕ್ ಹೊಡೆದು ಹೊರಟೇಹೋದ. ಜಾಗದ ಮಾತು ಹಾಗೇ ಉಳಿಯಿತು. ಭಾರಿ ಚಾಲಾಕಿ ಮುದುಕ.

೨ ಏಪ್ರಿಲ್, ಪರ್ತ್

ನನ್ನ ಸಂಶೋಧನಾ ಪ್ರಬಂಧದ ಮೂರನೇ ಅಧ್ಯಾಯದ ತಿರುಳು ಇಷ್ಟೇ: ನಿಂತದ್ದೇ ಬಲ್ಗರರ ಸೋಲು. ನೆಲ ಸಿಕ್ಕಿತು, ನುಡಿ ಹೋಯಿತು. ನನ್ನ ಗೈಡ್ ಪ್ರೊಫೆಸರಮ್ಮ ಓದಿ ಕನ್ನಡಕ ತೆಗೆದರು. "ಮೊನ್ನೆ ಕಾರಿಡಾರಿನಲ್ಲಿ ಫೋನಿನಲ್ಲಿ ಜಗಳ ಆಡ್ತಿದ್ದೆಯಲ್ಲ, ಏನು ವಿಷಯ?" ಎಂದು ಕೇಳಿದರು. ಹೇಳಿದೆ. "ಹಾಗಾದರೆ ಇಲ್ಲಿ ನಿಂತವರನ್ನು ಬಯ್ಯುತ್ತೀಯ, ಅಲ್ಲಿ ನಿಲ್ಲದವನನ್ನು ಬಯ್ಯುತ್ತೀಯ. ಒಂದನ್ನು ಆರಿಸಿಕೊ."

ಬಿಳಿಯ ಹೆಂಗಸಿಗೆ ಏನು ಗೊತ್ತು! ಎರಡನ್ನೂ ಬಯ್ಯುವ ಹಕ್ಕು ನನಗಿದೆ.

೧೨ ಮೇ, ಪರ್ತ್

ನಾನು ಬಾಡಿಗೆಗಿರುವ ಮನೆಯ ಯಜಮಾನ ಶ್ರೀಪತಿಗೆ ಕೆಲಸ ಹೋಯಿತು. ಗಣಿಯಲ್ಲಿ ಭೂವಿಜ್ಞಾನಿ, ಮೈಸೂರಿನವನು, ದಿನಾ ಇಸ್ತ್ರಿ ಅಂಗಿ. ಅದಿರಿನ ಬೆಲೆ ಬಿದ್ದಿದೆ, ಇವನಂಥವರನ್ನು ಸಾಲಾಗಿ ಮನೆಗೆ ಕಳಿಸುತ್ತಿದ್ದಾರೆ. ಇವತ್ತೂ ಇಸ್ತ್ರಿ ಅಂಗಿ ಹಾಕಿಕೊಂಡು ಹಿತ್ತಲಲ್ಲಿ ಕೂತಿದ್ದ. ಹೆಂಡತಿ ಗೀತಾ ಬಸುರಿ.

ಇವರ ಜೊತೆ ಬಾಡಿಗೆಯ ಮಾತು ಬಿಟ್ಟು ಬೇರೇನೂ ಬೇಡ ಎಂದು ಬಂದ ದಿನವೇ ತೀರ್ಮಾನಿಸಿದ್ದೆ. ಅದು ಬದಲಾಗಿಲ್ಲ. ರೊಟ್ಟಿ ಹೆಚ್ಚಾಗಿತ್ತು, ಕೊಟ್ಟೆ.

೧೯ ಮೇ

ಇವತ್ತೂ ರೊಟ್ಟಿ ಹೆಚ್ಚಾಯಿತು.

೨೧ ಜೂನ್, ಪರ್ತ್

ಪ್ರೊಫೆಸರಮ್ಮ ಬ್ರಿಸ್ಬೇನಿಗೆ ವರ್ಗವಾಗಿದ್ದಾರೆ, ಅವರ ಹಿಂದೆ ನಾನು. ಒಂದು ಸೂಟ್‌ಕೇಸು, ಗಂಟು ಕಟ್ಟಲು ಅರ್ಧ ಗಂಟೆ. ರಕ್ತದಲ್ಲೇ ಇದೆ.

ಗೀತಾ ಒಂದು ಬಾಟಲಿ ಹುಣಸೆ ಗೊಜ್ಜು ತಂದು ಕೈಗಿಟ್ಟಳು.

"ಬ್ರಿಸ್ಬೇನಲ್ಲಿ ನನ್ನ ತಂಗಿ ಇದ್ದಾಳೆ ಕಣೇ, ಚೈತನ್ಯಾ. ಇದನ್ನ ಕೊಟ್ಬಿಡು. ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ."

"ಮತ್ತೆ ಯಾರು ಕೊಟ್ಟರು ಅನ್ನಲಿ? ಗೊಜ್ಜು ದಾರೀಲಿ ಸಿಕ್ತು ಅನ್ನಲಾ?"

ಚೈತನ್ಯಾ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಳು ಎಂದು ಅಕ್ಕ ಮಾತು ಬಿಟ್ಟಿದ್ದಾಳೆ. ಥೂ, ಸಮುದ್ರ ದಾಟಿದರೂ ಜಾತಿ ಇವರ ಜೊತೆ ಚೆಕ್‌ಇನ್ ಆಗಿಯೇ ಬರುತ್ತದೆ.

"ಶ್ರೀಪತಿ ಕೆಲಸ ಹೋದದ್ದೂ ಹೇಳ್ಬೇಡ. ಅವಳ ಮುಂದೆ ನಂಗೆ ಅವಮಾನ."

ಆಯಿತು ಎಂದೆ. ಎಲ್ಲ ಕಡೆಯೂ ನನಗೆ ಬಾಯಿ ಮುಚ್ಚುವ ಪಾಠವೇ.

೫ ಜುಲೈ, ಬ್ರಿಸ್ಬೇನ್

ಬಾಯಿ ತಡೆಯಲಿಲ್ಲ.

ಚೈತನ್ಯಾ ಬಾಟಲಿ ಮುಚ್ಚಳ ತೆಗೆದು ಮೂಸಿದ ಕೂಡಲೇ, "ಇದು ನಮ್ಮಕ್ಕನ ಗೊಜ್ಜು!" ಎಂದಳು. ಮತ್ತೇನು ಉಳಿಯಿತು? ಎಲ್ಲ ಹೇಳಿದೆ. ಬಸುರಿ, ಐದು ತಿಂಗಳು, ಕಾಲು ಊದುತ್ತಿದೆ, ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಹಿತ್ತಲಲ್ಲಿ ಕೂತಿದ್ದಾನೆ.

"ಅವಳು ನಂಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀನ್ಯಾಕೆ ಮಾಡಲಿಲ್ಲ?"

"ನಂಗೂ ಸೊಕ್ಕು ಕಣ್ರೀ ಕನಕಾ."

"ಹಾಗಾದರೆ ಇಬ್ಬರೂ ಒಂದೇ ಅಪ್ಪನ ಮಕ್ಕಳೇ. ಅನುಮಾನವೇ ಇಲ್ಲ."

ಅವಳು ನಗುತ್ತ ಅತ್ತಳು. ನಾನಿನ್ನೂ ಅಲ್ಲಿರುವಾಗಲೇ ಫೋನ್ ಹಚ್ಚಿದಳು. ಆ ಕಡೆಯಿಂದ ಗೀತಾ ಮೊದಲು ಬೈದದ್ದು ನನ್ನನ್ನು. "ಆ ಕನಕನ ಬಾಯಿಗೆ ಬೀಗ ಹಾಕ್ಬೇಕು!" ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿದರು, ಯಾರೂ ಯಾರನ್ನೂ ಕೇಳಿಸಿಕೊಳ್ಳಲಿಲ್ಲ. ನಾನು ಗೊಜ್ಜಿನಲ್ಲಿ ಅನ್ನ ಕಲಸಿ ಉಂಡು ಬಂದೆ.

೩೦ ಆಗಸ್ಟ್, ಬ್ರಿಸ್ಬೇನ್

ಅಪ್ಪ ಇವತ್ತೂ ಜಗ್ಗಲಿಲ್ಲ. ಅವ್ವನ ಮಾತು ಎತ್ತಿದೆ. ಫೋನ್ ಇಟ್ಟುಬಿಟ್ಟ.

ಎತ್ತಬಾರದಿತ್ತು. ಎತ್ತಲೇಬೇಕಿತ್ತು.

೨೦ ಸೆಪ್ಟೆಂಬರ್, ಅಡಿಲೇಡ್

ಹೊಸ ಊರು. ಇಲ್ಲಿನ ಗ್ರಂಥಾಲಯವೊಂದರಲ್ಲಿ ಬಲ್ಗರರ ಮೇಲಿನ ಹಳೆಯ ಪುಸ್ತಕಗಳಿವೆ. ಹೊಟ್ಟೆಪಾಡಿಗೆ ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ ಚಪ್ಪಲಿ ಅಂಗಡಿಯ ಕೆಲಸ. ಊರೂರು ತಿರುಗುವವಳಿಗೆ ಇದಕ್ಕಿಂತ ತಕ್ಕ ಅಂಗಡಿ ಇಲ್ಲ.

ಊರಿನ ಹೆಸರು ಹೇಳುತ್ತಲೇ ಅಪ್ಪ, "ಅಡಿಲೇಡಾ? ಅಲ್ಲಿ ನಮ್ಮ ಮನಿ ಐತಿ," ಎಂದ.

"ಯಾವ ನಮ್ಮ ಮನಿ?"

"ಅಥಣಿ ಕಡೀ ಪಾಟೀಲರದು. ಅವರ ಸಣ್ಣಾಂವ ಪಂಚಾಕ್ಷರಿ ಅಲ್ಲೇ ಅದಾನ. ಅಂವಗ ವಂಶ ಹೇಳಿಲ್ಲ ನಾ. ನೀ ಹೋಗಿ ಹೇಳಿ ಬಾ."

"ಸತ್ರೂ ಹೋಗೂದಿಲ್ಲ. ಪಾಟೀಲರ ಬಾಗಿಲದಾಗ ನಾ ನಿಲ್ಲೂದಿಲ್ಲ."

ಅಪ್ಪ ಗಾಡಿ ನಿಲ್ಲಿಸಿದ, ಢಣ್. ಆಮೇಲೆ ಬಾಂಬು ಹಾಕಿದ.

"ನೀ ಹತ್ತು, ನಾ ಇಳೀತೇನಿ."

ಅಂದರೆ ನಾನು ಒಂದೇ ಒಂದು ಮನೆಗೆ ಹೋಗಿ ಕ್ರಮಬದ್ಧವಾಗಿ ವಂಶ ಹೇಳಿದರೆ ಅವನು ಜಾಗ ತೆಗೆದುಕೊಳ್ಳುತ್ತಾನೆ. ಕ್ರಮ ಎಂದರೆ, ಹೇಳಿ ಮುಗಿಯುವ ತನಕ ಕಾಲು ನೆಲಕ್ಕೆ ತಾಗಬಾರದು, ಕಾಲಿನ ಮೇಲೆ ಬಟ್ಟೆ ಹೊದ್ದಿರಬೇಕು. ನಮ್ಮಪ್ಪನ ಕಟ್ಟುಪಾಡು.

ಇದು ಬ್ಲ್ಯಾಕ್‌ಮೇಲ್ ಎಂದೆ. "ಹಂಗಂದ್ರೇನು?" ಎಂದ. ಗೊತ್ತಿದ್ದೇ ಕೇಳಿದ.

೨೪ ಸೆಪ್ಟೆಂಬರ್, ಅಡಿಲೇಡ್

ಹೋಗುವುದಿಲ್ಲ. ಹದಿನೆಂಟು ವರ್ಷದವಳಿದ್ದಾಗಲೇ ನಾನು ಗಂಟೆ ಬಾರಿಸುವುದಿಲ್ಲ ಎಂದು ಸಂಘದ ವೇದಿಕೆಯಲ್ಲಿ ಪ್ರತಿಜ್ಞೆ ಮಾಡಿದವಳು. ಜನ ಚಪ್ಪಾಳೆ ತಟ್ಟಿದ್ದರು.

ಸರಸ್ವತಕ್ಕನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ.

"ಪ್ರತಿಜ್ಞಾದ ಮ್ಯಾಲ ಗ್ವಾಡಿ ಕಟ್ಟಾಕ ಬರ್ತೈತೇನ? ಹೋಗಲೇ, ಹೇಳಿ ಬಾ," ಎಂದಳು. ಇವಳು ಕ್ರಾಂತಿಕಾರಿ!

೧೧ ಅಕ್ಟೋಬರ್, ಅಡಿಲೇಡ್

ಹೋಗಿ ಬಂದೆ.

ಪಂಚಾಕ್ಷರಿ ಎಲೆಕ್ಟ್ರಿಷಿಯನ್. ಅಂಗಳದಲ್ಲಿ ಅವನ ಯೂಟ್ ನಿಂತಿತ್ತು. ಮುಂದೆ ಕಾರು, ಹಿಂದೆ ತೆರೆದ ಟ್ರೇ, ತುಂಬ ವೈರು. ಹೆಂಡತಿ ದೇವಕಿ, ಎಂಟು ವರ್ಷದ ಮಗಳು ಸಿಂಚನಾ. ಬಾಗಿಲಲ್ಲೇ ಸ್ವಾಗತ.

"ಬರ್ರಿ ಬರ್ರಿ, ಒಳಗ ಬರ್ರಿ, ಸೋಫಾದ ಮ್ಯಾಲ ಕೂಡ್ರಿ."

ಜಗಳಕ್ಕೆಂದೇ ಸಿದ್ಧವಾಗಿ ಹೋಗಿದ್ದೆ. ಅಂಗಳದಲ್ಲಿ ನಿಲ್ಲಿಸಿದರೆ ಇಂಥಿಂಥ ಮಾತು ಎಂದು ರೈಲಿನಲ್ಲಿ ಉರು ಹೊಡೆದಿದ್ದೆ. ಇವನು ನೋಡಿದರೆ ಸೋಫಾ ಎನ್ನುತ್ತಾನೆ. ಸೋಫಾದಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತದೆ, ಅಪ್ಪ ಕೇಳುತ್ತಾನೆ, ಸುಳ್ಳು ಹೇಳಲು ನನಗೆ ಬಾರದು, ಜಾಗ ಹೋಯಿತು. ಸಮಾನತೆಗಾಗಿ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವಳು, ಅದು ಬಾಗಿಲು ತೆರೆದು ಕರೆದಾಗ ಒಲ್ಲೆ ಎಂದೆ!

"ಅಂಗಳದಾಗ ಕೂಡ್ತೀನಿ. ಎತ್ತು ಐತೇನು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಿಂಚನಾಳೇ ಯೂಟ್ ತೋರಿಸಿದಳು. ವೈರು ಸರಿಸಿ ಟ್ರೇ ಏರಿದೆ. ಕಾಲಿಗೆ ಹೊದೆಯಲು ದೇವಕಿ ಬೀಚ್ ಟವೆಲ್ ಕೊಟ್ಟಳು, ಅದರ ಮೇಲೆ ದೊಡ್ಡದೊಂದು ಹಳದಿ ಅನಾನಸ್. ಫೋನಿನಲ್ಲಿ ಅಪ್ಪನನ್ನು ಹಿಡಿದು ಸ್ಪೀಕರ್ ಹಾಕಿದೆ. "ಕಾಲ ಮ್ಯಾಲ ಅದಾವ?" "ಅದಾವಪ್ಪ." ಅಪ್ಪ ಶುರು ಮಾಡಿದ.

"ಕೇಳರಿ ಪಾಟೀಲರ ಮನಿತನ! ಮೂಲಪುರುಷ ಬಸನಗೌಡ, ಬಸನಗೌಡಗ ಹುಟ್ಟಿದಾಂವ ರುದ್ರಗೌಡ..."

ಅಲ್ಲಿಗೆ ಸಿಗ್ನಲ್ ಹೋಯಿತು. ಮತ್ತೆ ಹಚ್ಚಿದೆ. ಇಲ್ಲ. ಇನ್ನೊಮ್ಮೆ. ಇಲ್ಲ. ಪಂಚಾಕ್ಷರಿ, "ಇನ್ನೊಂದ್ ದಿನಾ ಮಾಡೋಣ್ರಿ," ಎಂದ. ಇನ್ನೊಂದು ದಿನ ನಾನು ಈ ಅನಾನಸ್ ಹೊದೆಯುವವಳಲ್ಲ.

ಬಾಯಿ ತೆರೆದೆ, ಬಂದುಬಿಟ್ಟಿತು. ರುದ್ರಗೌಡ ಬರಗಾಲದಲ್ಲಿ ಹೊಳೆ ದಾಟಿದ್ದು, ತೆಪ್ಪ ಮುಳುಗಿದ್ದು, ಒಂದು ಆಕಳಿನ ಬಾಲ ಹಿಡಿದು ದಡ ಸೇರಿದ್ದು. ಅವನ ಮಕ್ಕಳು ಮೂವರು, ಒಬ್ಬ ಮುನಿಸಿಕೊಂಡು ಬಿಜಾಪುರಕ್ಕೆ ಹೋದದ್ದು. ಚಿಕ್ಕವಳಿದ್ದಾಗ ಅಪ್ಪನ ಬೆನ್ನಿಗೆ ಅಂಟಿ ಎತ್ತಿನ ಮೇಲೆ ಕೂತು ಕೇಳಿದ್ದು. ಒಂದು ಹೆಸರೂ ತಪ್ಪಲಿಲ್ಲ. ನಾಯಿ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯವನು "ಗುಡ್ ಡೇ" ಎಂದು ನಿಂತವನು ಅಲ್ಲೇ ನಿಂತ.

"ಒಂದ್ ನಿಮಿಷ," ಎಂದ ಪಂಚಾಕ್ಷರಿ. "ನಾವು ಮೂಲದಿಂದ ಅಥಣಿಯವ್ರಲ್ಲಾ?"

"ಅಲ್ಲ. ಹೊಳಿ ದಾಟಿ, ಹೊಟ್ಟಿ ಹಸದು, ಆಕಳ ಬಾಲ ಹಿಡದು ಬಂದವರು ನೀವು."

"ಅಪ್ಪಾಜಿ ಒಮ್ಮೆನೂ ಹೇಳಿಲ್ಲ."

"ಗೌಡಕಿ ಬಂದ ಮ್ಯಾಲ ಆಕಳ ಬಾಲ ಯಾರ ಹೇಳ್ತಾರ?"

ಅವನು ಗಹಗಹಿಸಿ ನಕ್ಕ. ನಾನು ಮುಗಿಸುವ ಘಟ್ಟಕ್ಕೆ ಬಂದೆ. ಶಿವನಗೌಡಗ ಹುಟ್ಟಿದಾಂವ ಪಂಚಾಕ್ಷರಿ. ಅಲ್ಲಿಗೆ ನಿಲ್ಲಿಸಿದೆ. ಗಂಡುಮಗ ಹುಟ್ಟಿಲ್ಲವಲ್ಲ.

"ವೈ ಆಮ್ ಐ ನಾಟ್ ಇನ್ ಇಟ್?" ಎಂದಳು ಸಿಂಚನಾ. ಕನ್ನಡ ಪೂರಾ ಅರ್ಥವಾಗಿದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷು.

ಹೆಣ್ಣುಮಕ್ಕಳ ಹೆಸರು ಹೇಳುವ ಪದ್ಧತಿ ಅಪ್ಪನಲ್ಲಿಲ್ಲ. ಅಜ್ಜನಲ್ಲೂ ಇರಲಿಲ್ಲ. ಕ್ರಮ ತಪ್ಪಿದರೆ ಕರಾರು ಮುರಿಯಿತು, ಜಾಗ ಹೋಯಿತು. ಆ ಹುಡುಗಿ ಯೂಟಿನ ಅಂಚು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಪ್ಪನ ಜಾಗ ನನ್ನ ಕಣ್ಣ ಮುಂದೆ ಹಾದುಹೋಯಿತು, ಅವ್ವನೂ.

"ಪಂಚಾಕ್ಷರಿಗೆ ಹುಟ್ಟಿದಾಕಿ ಸಿಂಚನಾ! ಹೊಳಿ ಅಲ್ಲ, ಸಮುದ್ರದ ಈಚೆ ಹುಟ್ಟಿದಾಕಿ!"

"ಅಂಡ್ ಅಮ್ಮ?"

ದೇವಕಿಯ ತವರಿನ ಹೆಸರುಗಳು ನನಗೆ ಗೊತ್ತಿಲ್ಲ ಎಂದೆ. "ನಾನೇ ಹೇಳ್ತೀನ್ರಿ," ಎಂದು ದೇವಕಿ ಶುರು ಮಾಡಿದಳು. ಅವ್ವ, ಅವ್ವನ ಅವ್ವ. ಮೂರನೆಯದಕ್ಕೆ ತಡವರಿಸಿದಳು. ಫೋನ್ ಮಾಡಿ ಕೇಳುತ್ತೇನೆ ಎಂದು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಓವನ್ ತಟ್ಟೆ, ಅದರ ತುಂಬ ಅಕ್ಕಿ, ಮೇಲೊಂದು ಬೆಲ್ಲದ ಅಚ್ಚು. ಈ ಊರಿನಲ್ಲಿ ಮೊರ ಎಲ್ಲಿಂದ ತರಬೇಕು ಪಾಪ.

"ಕಾಳು ಬೇಡ," ಎಂದೆ. "ಊಟಕ್ಕೆ ಹಾಕಿ. ನಿಮ್ಮ ಮೇಜಿನ ಮೇಲೆ, ನೀವು ಉಣ್ಣೋ ತಟ್ಟೆಯಲ್ಲಿ. ಅಥಣಿಯ ಮನೆಯಲ್ಲಿ ನಮ್ಮಪ್ಪನ ನೀರಿನ ಲೋಟ ಬೇರೆ ಇತ್ತು, ಗೊತ್ತೇನು?"

ಪಂಚಾಕ್ಷರಿ ತಲೆ ತಗ್ಗಿಸಿದ. "ಇತ್ತು. ಹಿತ್ತಲ ಗ್ವಾಡಿ ಮ್ಯಾಲ ಇಡ್ತಿದ್ರು. ನಾ ಸಣ್ಣಾಂವಿದ್ದಾಗ ನೋಡೇನಿ." ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಎದ್ದು ಬರುತ್ತಿದ್ದೆ.

ಇಳಿದೆ. ಕೈ ತೊಳೆದೆ. ಎಣ್ಣೆಗಾಯಿ ಚೆನ್ನಾಗಿತ್ತು, ಉಪ್ಪು ಮುಂದು. ಹೇಳಿದೆ.

೧೨ ಅಕ್ಟೋಬರ್, ಅಡಿಲೇಡ್

ಅಪ್ಪನಿಗೆ ಎಲ್ಲ ಹೇಳಿದೆ. ಯೂಟಿಗೆ ನಕ್ಕ. ಸಿಂಚನಾಳಿಗೆ ನಗಲಿಲ್ಲ.

"ಹೆಣ್ಣುಮಗಳನ್ನ ಹಚ್ಚಿದಿ?"

"ಹಚ್ಚಿದೆ."

"ತಪ್ಪು ಮಾಡಿದಿ."

"ತಪ್ಪು ನಿಂದು, ನಿಮ್ಮಪ್ಪಂದು. ನಾ ತಿದ್ದೀನಿ."

ಢಣ್ ಎಂದಿತು. ಗಾಡಿ ಹೊರಟಿತು. ಮುಗಿಯಿತು. ದೀಪಾವಳಿಗೆ ಇನ್ನೊಂದು ತಿಂಗಳಿಲ್ಲ, ಒಂದು ಹುಡುಗಿಯ ಹೆಸರಿಗೆ ಒಂದು ಮನೆ ಕೊಟ್ಟು ಬಂದಿದ್ದೇನೆ. ಪಶ್ಚಾತ್ತಾಪ ಇಲ್ಲ. ನಿದ್ದೆಯೂ ಇಲ್ಲ.

೨೫ ಅಕ್ಟೋಬರ್, ಅಡಿಲೇಡ್

ಅಪ್ಪ ಫೋನ್ ಎತ್ತುತ್ತಿಲ್ಲ.

ಕೆಲಸ ಮಾಡಿದೆ. ಬಲ್ಗರರು ಪ್ಲಿಸ್ಕಾದಲ್ಲಿ ಮಣ್ಣಿನ ದಿಬ್ಬ ಸುತ್ತಿ ಅದರೊಳಗೆ ಗುಡಾರಗಳನ್ನೇ ಹಾಕಿಕೊಂಡಿದ್ದರು. ನಿಂತರು, ಆದರೆ ಒಂದೇ ಏಟಿಗೆ ಕಲ್ಲಾಗಲಿಲ್ಲ. ಇಟಲಿಗೆ ಹೋದ ಗುಂಪು ಅಲ್ಲಿನ ಲ್ಯಾಟಿನ್ ಕಲಿತ ಮೇಲೂ ತಮ್ಮ ನುಡಿ ಬಿಟ್ಟಿರಲಿಲ್ಲವೆಂದು ಆ ಕಾಲದವನೊಬ್ಬ ಬರೆದಿದ್ದಾನೆ. ಮನೆಯಲ್ಲಿ ಯಾರೋ ಹೇಳುತ್ತಿದ್ದರು, ಮಕ್ಕಳು ಕೇಳುತ್ತಿದ್ದವು, ಅಷ್ಟೇ. 'ನಿಂತದ್ದೇ ಸೋಲು' ಎಂಬ ಸಾಲನ್ನು ಹೊಡೆದುಹಾಕಿದೆ. ವಾಕ್ಯ ಸರಿಯಾಗಿ ಕೂತಿರಲಿಲ್ಲ, ಅದಕ್ಕೆ.

ಸಂಜೆ ದೇವಕಿ ಬಂದಿದ್ದಳು. ಮೂರನೆಯವಳ ಹೆಸರು ಸಿಕ್ಕಿದೆಯಂತೆ. ಮರೆಯಬೇಡಿ ಎಂದಳು. ನಾನ್ಯಾಕೆ ಮರೆಯಲಿ?

೧೦ ನವೆಂಬರ್, ಅಡಿಲೇಡ್

ಸರಸ್ವತಕ್ಕನ ಫೋನ್. ಮೊದಲು ಒಂದು ನಿಮಿಷ ಬರೀ ನಗು.

ನಿನ್ನೆ ಹಕ್ಕುಪತ್ರ ಕೊಡುವ ಕಡೇ ದಿನ. ಎಲ್ಲರದೂ ಮುಗಿದು ಗುಮಾಸ್ತ ಕುರ್ಚಿ ಮಡಚುವಾಗ ಅಪ್ಪ ಬಂದನಂತೆ. ಜಾಗ ಬೇಕು ಎಂದನಂತೆ. ಮನೆಯ ಹೆಣ್ಣುಮಗಳ ಹೆಸರಿಗೇ ಬರೆಯುವುದು, ಹೆಂಡತಿ ಹೆಸರು ಹೇಳು ಎಂದ ಗುಮಾಸ್ತ. ಸತ್ತಾಳ ಎಂದ ಅಪ್ಪ. ಮತ್ತೆ ಯಾರಿದ್ದಾರೆ?

ಅಪ್ಪ ರುಮಾಲು ಸರಿಮಾಡಿಕೊಂಡನಂತೆ. ಗಂಟಲು ಸರಿಮಾಡಿಕೊಂಡನಂತೆ. ತಹಶೀಲ್ದಾರ, ಗುಮಾಸ್ತ, ನಮ್ಮ ಗುಡಾರದ ಇಡೀ ಮಂದಿಯ ಮುಂದೆ, ಪಾಟೀಲರ ಅಂಗಳದಲ್ಲಿ ಹೇಳುವ ಅದೇ ರಾಗದಲ್ಲಿ ಶುರು ಮಾಡಿದನಂತೆ.

"ಕೇಳರಿ ಹೆಳವರ ಮನಿತನ! ಮೂಲಪುರುಷ ಯಲ್ಲಪ್ಪ, ಯಲ್ಲಪ್ಪಗ ಹುಟ್ಟಿದಾಂವ ಭರಮಪ್ಪ, ಭರಮಪ್ಪಗ ಹುಟ್ಟಿದಾಂವ ಹಾಲಪ್ಪ. ಹಾಲಪ್ಪಗ ಹುಟ್ಟಿದಾಕಿ ಕನಕ!"

ನಮ್ಮ ವಂಶವನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಯಲ್ಲಪ್ಪ ಎಂಬುವನಿದ್ದ ಎನ್ನುವುದು ಇವತ್ತು ಗೊತ್ತಾಯಿತು.

"ಗುಮಾಸ್ತ ಏನಂದ ಅಕ್ಕಾ?"

"ಕನಕ ಒಂದ ಸಾಕಿತ್ತಲ್ಲೋ ಮಾರಾಯಾ ಅಂದ. ನಿಮ್ಮಪ್ಪ ಅಂದಾ, ಹಂಗ ನಡುವಿಂದ ಹೇಳಾಕ ಬರೂದಿಲ್ಲ ಸಾಹೇಬ್ರ."

ಜಾಗದಲ್ಲಿ ಸದ್ಯಕ್ಕೆ ಗುಡಾರ ಹಾಕಿದ್ದಾನಂತೆ. ಮನೆ ನಿಧಾನಕ್ಕೆ.

ನಾನು ಫೋನ್ ಇಟ್ಟು, ಅಂಗಡಿಯ ಹಿಂದಿನ ಕೋಣೆಯಲ್ಲಿ, ಚಪ್ಪಲಿ ಡಬ್ಬಿಗಳ ನಡುವೆ ಸ್ವಲ್ಪ ಹೊತ್ತು ಕೂತೆ. ಮ್ಯಾನೇಜರು ಬಂದು ಆರಾಮಿದ್ದೀಯಾ ಎಂದ. ಮನೆ ಆಯಿತು ಎಂದೆ. ಅವನು ಅಭಿನಂದನೆ ಹೇಳಿ, ಯಾವ ಏರಿಯಾದಲ್ಲಿ ಎಂದು ಕೇಳಿದ.

೧೫ ನವೆಂಬರ್, ಅಡಿಲೇಡ್

ಗೀತಾಳಿಗೆ ಹೆಣ್ಣುಮಗು. ಶ್ರೀಪತಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆಯಂತೆ. ಡಿಸೆಂಬರಿನಲ್ಲಿ ಪರ್ತ್‌ಗೆ ಹೋಗುತ್ತಿದ್ದೇನೆ, ಮಗುವಿನ ಹೆಸರು ಏನಿಡುತ್ತಾರೆ ನೋಡಬೇಕು. ಬ್ರಿಸ್ಬೇನ್ ಮೇಲೆ ಹೋಗುವ ಟಿಕೆಟ್ ಕೇಳಿದ್ದಕ್ಕೆ ಟ್ರಾವೆಲ್ ಏಜೆಂಟ್ ಹುಡುಗಿ ಭೂಪಟ ತೋರಿಸಿ, ಪರ್ತ್ ಆ ಕಡೆ ಇದೆ ಮೇಡಂ, ನೀವು ಈ ಕಡೆ ಹೊರಟಿದ್ದೀರಿ ಎಂದಳು. ಅಲ್ಲಿರುವ ಚೈತನ್ಯಾ ತನ್ನ ಅಕ್ಕನಿಗೆ ನನ್ನ ಕೈಲಿ ಏನೋ ಹೇಳಿಕಳಿಸಬೇಕಂತೆ, ಫೋನಿನಲ್ಲಿ ಹೇಳುವಂಥದ್ದಲ್ಲವಂತೆ.

ಸ್ವಲ್ಪ ಸುತ್ತು, ಅಷ್ಟೇ. ತೆಗೆದುಕೊಂಡೆ.